ಬೀಜದ ಹಿತದೃಷ್ಟಿಯಿಂದ

ಕೂರುವುದಕ್ಕೆ ಈ ಭೂಮಂಡಲದಲ್ಲಿ ಎಷ್ಟು ಜಾಗವಿದೆ, ನೀವೇ ಹೇಳಿ. ಕುರ್ಚಿ ಇದೆ, ಬೆಂಚಿದೆ, ಮೆಟ್ಟಿಲಿದೆ. ನಮ್ಮ ಕ್ರೀಡಾಂಗಣದಲ್ಲಂತೂ ಹದಿನೆಂಟು ಸಾವಿರ ಸೀಟುಗಳಿವೆ. ಅಷ್ಟನ್ನೂ ಬಿಟ್ಟು ನಮ್ಮ ಫುಟ್‌ಬಾಲ್ ತಂಡದ ಹನ್ನೊಂದು ಜನ ಮಹಾನುಭಾವರು ಹೋದ ತಿಂಗಳು ಒಂದು ಶನಿವಾರ, ಪಂದ್ಯ ಶುರುವಾಗುವ ಮೊದಲು ಸಾಲಾಗಿ ನಡೆದುಬಂದು, ಉತ್ತರದ ಗೋಲಿನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಆಟಕ್ಕೆ ತೊಂದರೆಯಾಗಬಾರದೆಂದು ಬಿಳಿ ಗೆರೆಯಾಚೆಗೆ ಕೂತರಂತೆ. ಎಂಥ ದೊಡ್ಡ ಮನಸ್ಸು! ಆ ಗೆರೆಯಾಚೆಗೇ ನಾನು ಅದಕ್ಕೆ ಹದಿನೇಳು ದಿನ ಮೊದಲು ಹೊಸ ಬೀಜ ಬಿತ್ತಿದ್ದೆ. ಮೊಳಕೆ ಆಗಷ್ಟೇ ಹಸಿರಾಗಿ ತಲೆಯೆತ್ತಿ ಪ್ರಪಂಚ ನೋಡುತ್ತಿತ್ತು. ನೋಡಿದ್ದೇನು? ಹನ್ನೊಂದು ಜನ ಆಟಗಾರರ ಹಿಂಭಾಗ.

ಪೂರಾ ಒಂದು ನಿಮಿಷ ಕೂತರು. ಅದು ಪ್ರತಿಭಟನೆಯಂತೆ. ಯಾರಿಗೋ ಅನ್ಯಾಯವಾಗಿದೆಯಂತೆ. (ನನ್ನ ಮೊಳಕೆಗೆ ಆದದ್ದು ನ್ಯಾಯವೇ?)

ನನ್ನ ಪರಿಚಯ ಹೇಳುವುದನ್ನೇ ಮರೆತೆ. ನಾನು ಆ ಮೈದಾನದ ಹುಲ್ಲು ನೋಡಿಕೊಳ್ಳುವವನು. ಇಪ್ಪತ್ತೆರಡು ವರ್ಷದ ಸರ್ವೀಸು. ಆಟಗಾರರು ನನ್ನನ್ನು ‘ಹುಲ್ಲಣ್ಣ’ ಎನ್ನುತ್ತಾರೆ, ನಾನದನ್ನು ಬಿರುದೆಂದೇ ತಿಳಿದಿದ್ದೇನೆ. ದಿನಕ್ಕೆ ಮೂರು ಹೊತ್ತು ನನ್ನ ಹುಲ್ಲಿಗೆ ನೀರು ಬೀಳುತ್ತದೆ, ಅದೂ ಹೊತ್ತಿಗೆ ಸರಿಯಾಗಿ. ಪ್ರತಿ ವರ್ಷ ಕೊನೆಯ ಪಂದ್ಯದ ದಿನ ಒಬ್ಬ ಪರೀಕ್ಷಕರು ಬಂದು ‘ಅತ್ಯುತ್ತಮ ಮೈದಾನ’ ಎಂಬ ಫಲಕ ಯಾರಿಗೆಂದು ನಿರ್ಧರಿಸುತ್ತಾರೆ. ಆರು ವರ್ಷದಿಂದ ನಮಗೆ ಎರಡನೇ ಸ್ಥಾನ. ಈ ಸಲ ಬಿಡುವುದಿಲ್ಲವೆಂದು ಶಪಥ ಮಾಡಿ, ಫಲಕ ತೂಗುಹಾಕಲು ನಮ್ಮ ನಡುಮನೆಯ ಗೋಡೆಗೆ ಮೊಳೆ ಕೂಡ ಹೊಡೆದಿಟ್ಟಿದ್ದೆ.

ನನ್ನ ಹೆಂಡತಿಯೂ ಅದೇ ಕ್ರೀಡಾಂಗಣದಲ್ಲಿ ಕೆಲಸ ಮಾಡುತ್ತಾಳೆ. ನೆಲಮಾಳಿಗೆಯಲ್ಲಿ ತಂಡದ ಜೆರ್ಸಿ, ಚಡ್ಡಿ, ಕಾಲುಚೀಲ ಒಗೆದು ಇಸ್ತ್ರಿ ಮಾಡುವ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲು ಒಂದು ಜಗ್ ನೀರನ್ನು ನಿಂತಲ್ಲೇ ಗಟಗಟ ಕುಡಿಯುತ್ತಾಳೆ. “ಒಂಟೆ ಬಂತು” ಎಂದು ನಾನು ತಮಾಷೆ ಮಾಡುತ್ತೇನೆ. ಒಬ್ಬೊಬ್ಬರ ದೇಹಪ್ರಕೃತಿ ಒಂದೊಂದು ಥರ, ಇವಳಿಗೆ ಬಾಯಾರಿಕೆ ಸಂಜೆ ಮಾತ್ರ ಆಗುವುದು ಎಂದೇ ನನ್ನ ತಿಳುವಳಿಕೆಯಾಗಿತ್ತು.

ಅಂದು ಸಂಜೆಯೂ ಒಂಟೆ ಬಂತು, ಜಗ್ ಖಾಲಿ ಮಾಡಿತು. ನಾನು ಕಾಯುತ್ತಾ ಕೂತಿದ್ದೆ.

“ನೋಡಿದೆಯಲ್ಲ ನಿನ್ನ ಮುದ್ದಿನ ತಂಡದವರ ಘನಕಾರ್ಯ?”

“ನೋಡಿದೆ. ಕಣ್ತುಂಬ ನೋಡಿದೆ” ಎಂದಳು. ಅವಳ ಮುಖ ಹಬ್ಬದ ಮುಖವಾಗಿತ್ತು.

“ಕಣ್ತುಂಬ? ಲೇ, ಅವರು ಆಟಗಾರರು ಕಣೇ! ಆಡೋಕೆ ಅಂತ ಸಂಬಳ ತಗೋತಾರೆ. ಆಡ್ಬೇಕು, ಮನೆಗೆ ಹೋಗ್ಬೇಕು. ಊರಿನ ನ್ಯಾಯ ಅನ್ಯಾಯ ಇವರಿಗ್ಯಾಕೆ?”

“ಅವರು ಯಾಕೆ ಕೂತ್ರು ಅಂತ ವಿಚಾರಿಸಿದ್ರಾ?”

“ಯಾಕೆ ಅನ್ನೋದು ಮುಖ್ಯ ಅಲ್ಲ. ಎಲ್ಲಿ ಅನ್ನೋದು ಮುಖ್ಯ!”

ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದ ನಮ್ಮತ್ತೆ (ಮಗಳನ್ನು ನೋಡಿಹೋಗಲು ಬಂದು ಒಂಬತ್ತು ವರ್ಷವಾಯಿತು) ತಲೆಯೆತ್ತಿ, “ಅಳಿಯಂದ್ರೇ, ಒಂದ್ಸಲ ಅವಳು ಹೇಳೋದನ್ನ ಪೂರ್ತಿ ಕೇಳಬಾರ್ದಾ?” ಎಂದರು.

“ಅತ್ತೆ, ಇದು ತತ್ತ್ವದ ವಿಷಯ” ಎಂದೆ. ತತ್ತ್ವ ಎಂದರೆ ಸಾಕು, ನಮ್ಮ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಹೆಂಡತಿ ನನ್ನನ್ನೊಮ್ಮೆ ನೋಡಿ, ಇನ್ನೊಂದು ಲೋಟ ನೀರು ಬಗ್ಗಿಸಿಕೊಂಡು ಒಳಗೆ ಹೋದಳು.

ಮರುದಿನ ಟೀವಿಯವಳೊಬ್ಬಳು ಮೈಕು ಹಿಡಿದು ಬಂದಾಗ ನಾನು ಆ ಜಾಗದಲ್ಲಿ ಬಗ್ಗಿ, ಬಾಚಣಿಗೆಯಿಂದ ಮೊಳಕೆಗಳನ್ನು ಎಬ್ಬಿಸುತ್ತಿದ್ದೆ. “ಸರ್, ಈ ಪ್ರತಿಭಟನೆ ಬಗ್ಗೆ ಏನು ಹೇಳ್ತೀರಿ?” ಎಂದಳು. ‘ಸರ್’ ಎಂದು ನನ್ನನ್ನು ಕರೆದವರಲ್ಲಿ ಅವಳೇ ಮೊದಲಿಗಳು. ನಾನು ಬಾಚಣಿಗೆ ಜೇಬಿಗಿಟ್ಟು, ಎದೆಯುಬ್ಬಿಸಿ, “ಆಟಗಾರ ಆಡಬೇಕು, ಕೂರಬಾರದು!” ಎಂದುಬಿಟ್ಟೆ.

ಆ ಐದು ಸೆಕೆಂಡನ್ನು ಅವರು ದಿನವಿಡೀ ತೋರಿಸಿದರು. ಸುದ್ದಿಯಲ್ಲಿ ಬೇರೇನು ಹೇಳಿದರೋ, ನಾನು ನನ್ನ ಮುಖ ಮಾತ್ರ ನೋಡಿದೆ. ಊರು ಎರಡು ಹೋಳಾಯಿತು. ಕ್ಷೌರದಂಗಡಿಯವನು ಕತ್ತರಿ ಕೆಳಗಿಟ್ಟು ನನ್ನ ಕೈಕುಲುಕಿದ. ಬಸ್ಸಿನ ಕಂಡಕ್ಟರು ಮಾತ್ರ, “ನ್ಯಾಯಕ್ಕೆ ಅಂತ ಕೂತೋರನ್ನ ಎಬ್ಬಿಸೋಕೆ ನೀವ್ಯಾರ್ರೀ?” ಎಂದು ಮುಖ ತಿರುಗಿಸಿದ. ಗಲ್ಲಿಯಲ್ಲಿ ನಡೆದರೆ ಜನ ಬೆರಳು ತೋರಿಸುತ್ತಿದ್ದರು. ನಿಜ ಹೇಳುತ್ತೇನೆ, ನನಗೆ ಬಹಳ ಖುಷಿಯಾಗಿತ್ತು. ಇಪ್ಪತ್ತೆರಡು ವರ್ಷ ಹುಲ್ಲನ್ನೇ ನೋಡಿದ ಜನ ಈಗ ನನ್ನನ್ನು ನೋಡುತ್ತಿದ್ದರು.

ಆಟಗಾರರು ಮುಂದಿನ ಪಂದ್ಯದಲ್ಲೂ ಕೂತರು. ಅದೇ ಜಾಗ! ಅಷ್ಟರಲ್ಲಿ ಟೀವಿಯವರು, “ಆಟಗಾರರು ಪ್ರತಿಭಟಿಸಬೇಕೆ, ಬೇಡವೆ?” ಎಂಬ ಘನಗಂಭೀರ ಚರ್ಚೆಯನ್ನು ನಮ್ಮ ಮೈದಾನದಿಂದಲೇ ನೇರ ಪ್ರಸಾರ ಮಾಡುತ್ತೇವೆಂದರು. ಒಂದು ಕಡೆ ತಂಡದ ನಾಯಕ. ಅವನು ಗೋಲ್‌ಕೀಪರು, ಆರೂವರೆ ಅಡಿಯ ಆಳು, ಊರಿಗೆಲ್ಲ ಅವನು ‘ಗೋಡೆ’. ಇನ್ನೊಂದು ಕಡೆ ಅಖಿಲ ಹುಲ್ಲಿನ ಪರವಾಗಿ ನಾನು.

ಮೂರು ದಿನ ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡಿದೆ. ಹೆಂಡತಿ ಎರಡು ಸಲ ಬಾಗಿಲಿಗೆ ಬಂದಳು.

“ರೀ, ಚರ್ಚೆಗೆ ಹೋಗೋ ಮುಂಚೆ ಒಂದು ವಿಷಯ ಹೇಳ್ತೀನಿ, ಕೇಳಿ.”

“ಈಗ ಬೇಡ ಮಾರಾಯ್ತಿ, ಲಯ ತಪ್ಪುತ್ತೆ.”

“ಆಮೇಲೆ ನನ್ನನ್ನ ಅನ್ನಬೇಡಿ.”

“ಆಮೇಲೆ ನಿನ್ನನ್ನ ಅನ್ನೋದೇನು, ಊರೇ ನನ್ನನ್ನ ಹೊಗಳುತ್ತೆ!” ಎಂದು ಕೈ ಬೀಸಿದೆ. ಕೈ ಕನ್ನಡಿಗೆ ತಾಗಿ ನೋವಾಯಿತು.

ಚರ್ಚೆಯ ದಿನ ಟೀವಿಯವರ ಕುರ್ಚಿಯ ಕಾಲುಗಳ ಕೆಳಗೆ ನಾನೇ ಹಲಗೆ ಹಾಸಿದೆ. ತಂಡದ ಉಳಿದ ಹುಡುಗರು, ಕ್ರೀಡಾಂಗಣದ ಕೆಲಸಗಾರರು ಮೆಟ್ಟಿಲ ಮೇಲೆ ಕೂತಿದ್ದರು. ನನ್ನ ಹೆಂಡತಿ, ಸೀಟುಗಳನ್ನು ಗುಡಿಸಿ ಒರೆಸುವ ಹೆಂಗಸರ ಜೊತೆ ಮುಂದಿನ ಸಾಲಿನಲ್ಲೇ ಇದ್ದಳು. ಗಂಡನ ಪ್ರತಾಪ ನೋಡಲು ಬಂದಿದ್ದಾಳೆ ಎಂದುಕೊಂಡು ಅವಳಿಗೊಂದು ಮುಗುಳ್ನಗೆ ಕಳಿಸಿದೆ. ಅವಳದನ್ನು ಸ್ವೀಕರಿಸಲಿಲ್ಲ.

“ಜನ ಟಿಕೆಟ್ ತಗೊಂಡು ಬರೋದು ಆಟ ನೋಡೋಕೆ” ಎಂದು ಶುರುಮಾಡಿದೆ. “ಅವರಿಗೂ ಮನೇಲಿ ನೂರೆಂಟು ತಾಪತ್ರಯ ಇರುತ್ತೆ. ತೊಂಬತ್ತು ನಿಮಿಷ ಅದನ್ನೆಲ್ಲ ಮರೆಯೋಣ ಅಂತ ಬಂದ್ರೆ, ಇಲ್ಲೂ ಅನ್ಯಾಯದ ಕಥೇನಾ? ಒಬ್ಬೊಬ್ಬರದು ಒಂದೊಂದು ಕೆಲಸ. ನಾನು ಹುಲ್ಲು ಕತ್ತರಿಸೋನು. ಮೈದಾನದ ಮಧ್ಯ ಕೆಲಸ ಬಿಟ್ಟು ಭಾಷಣ ಮಾಡ್ತೀನಾ?”

“ಈಗ ಮಾಡ್ತಿರೋದು ಏನು ಸರ್?” ಎಂದಳು ಟೀವಿಯವಳು. ಮೆಟ್ಟಿಲ ಕಡೆಯಿಂದ ನಗು ಕೇಳಿಸಿತು. ನಾನು ಕೆಮ್ಮಿ ಸುಧಾರಿಸಿಕೊಂಡೆ.

ಗೋಡೆ ಮೆತ್ತಗೆ ಮಾತಾಡಿದ. “ಹುಲ್ಲಣ್ಣ ಹೇಳೋದು ಪೂರ್ತಿ ತಪ್ಪಲ್ಲ. ಜನ ಬರೋದು ನಮ್ಮ ಕಾಲು ನೋಡೋಕೆ. ನಮಗೆ ಎಲ್ಲ ಗೊತ್ತು ಅಂತಾನೂ ನಾನು ಹೇಳಲ್ಲ. ಆದ್ರೆ ನಾವು ಕೂತ್ರೆ ಹತ್ತು ಕ್ಯಾಮೆರಾ ಬರುತ್ತೆ. ಅನ್ಯಾಯ ಆದೋರೇ ಕೂತಿದ್ರೆ ಒಂದಾದ್ರೂ ಬರ್ತಿತ್ತಾ? ಅವರು ಆರು ವರ್ಷದಿಂದ ಕೇಳ್ತಾನೇ ಇದ್ದಾರೆ.”

“ಯಾರಪ್ಪ ಅವರು?” ಎಂದೆ ನಾನು. “ಯಾವನು ಆ ಅನ್ಯಾಯ ಮಾಡಿರೋ ಕಟುಕ? ಅವನ ಮನೆ ಮುಂದೆ ಹೋಗಿ ಕೂತ್ಕೊಳ್ಳಿ! ನನ್ನ ಹುಲ್ಲಿನ ಮೇಲೆ ಯಾಕೆ?”

ಗೋಡೆ ನನ್ನ ಮುಖವನ್ನೇ ನೋಡಿದ. ಆಮೇಲೆ ಸಂಕೋಚದಿಂದ ಜೇಬಿನಿಂದೊಂದು ಕಾಗದ ತೆಗೆದ. “ಅಣ್ಣ, ನಿಮಗೆ ನಿಜವಾಗ್ಲೂ ಗೊತ್ತಿಲ್ವಾ? ನಾನು ಓದಲಾ?”

“ಓದು, ಧಾರಾಳವಾಗಿ ಓದು. ಕೇಳಲಿ ಪ್ರಪಂಚ!”

ಪ್ರಪಂಚ ಕೇಳಿತು. “ವ್ಯವಸ್ಥಾಪಕರಿಗೆ, ಕ್ರೀಡಾಂಗಣದಲ್ಲಿ ಕೆಲಸ ಮಾಡುವ ನಾವು ಹದಿನಾಲ್ಕು ಜನ ಹೆಂಗಸರ ವಿನಂತಿ. ಪಂದ್ಯ ನಡೆಯುವ ಹೊತ್ತು ಬಿಟ್ಟರೆ ಪ್ರೇಕ್ಷಕರ ಶೌಚಾಲಯಗಳಿಗೆಲ್ಲ ಬೀಗವಿರುತ್ತದೆ. ನಮಗೆಂದು ಇದ್ದದ್ದು ಪೂರ್ವ ದಿಕ್ಕಿನದು ಒಂದೇ. ಅದನ್ನು ಆರು ವರ್ಷದಿಂದ ಬೀಜ, ಗೊಬ್ಬರ ಇಡುವ ಕೋಣೆ ಮಾಡಿದ್ದಾರೆ. ಬಸ್ ನಿಲ್ದಾಣದ ಶೌಚಾಲಯಕ್ಕೆ ಹೋಗಿಬರಲು ಇಪ್ಪತ್ತೈದು ನಿಮಿಷ ಬೇಕು. ಅದಕ್ಕೇ ನಾವು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದೇವೆ. ದಯವಿಟ್ಟು ಆ ಕೋಣೆಯನ್ನು ಬಿಡಿಸಿಕೊಡಿ.”

ಆ ಕೋಣೆ ನನ್ನದು. ನೆಲಕ್ಕೆ ಟೈಲ್ಸ್ ಹಾಕಿದ ತಂಪಾದ ಕೋಣೆ, ಬೀಜಕ್ಕೆ ಹೇಳಿಮಾಡಿಸಿದಂಥದ್ದು ಎಂದು ಆರು ವರ್ಷದ ಹಿಂದೆ ವ್ಯವಸ್ಥಾಪಕರ ಕಾಲು ಹಿಡಿದು ಪಡೆದಿದ್ದೆ. ಬೀಜಕ್ಕೆ ಸೆಕೆಯಾಗಬಾರದೆಂದು ಒಂದು ಫ್ಯಾನು ಕೂಡ ಹಾಕಿಸಿದ್ದೆ.

“ಕೆಳಗೆ ಉತ್ತರ ಬರೆದಿದ್ದಾರೆ” ಎಂದ ಗೋಡೆ. ಅವನ ದನಿ ಇನ್ನೂ ಇಳಿಯಿತು. “‘ಬೀಜದ ಹಿತದೃಷ್ಟಿಯಿಂದ ಸಾಧ್ಯವಿಲ್ಲ.’ ಸಹಿ ನಿಮ್ಮದು, ಅಣ್ಣ.”

ನೆನಪಾಯಿತು. ಎರಡು ತಿಂಗಳ ಹಿಂದೆ ವ್ಯವಸ್ಥಾಪಕರು ಕಾಗದವೊಂದನ್ನು ಚಾಚಿ, “ನಿನ್ನ ಕೋಣೆ ಖಾಲಿ ಮಾಡಿಸ್ಬೇಕಂತೆ, ಆಗುತ್ತಾ?” ಎಂದಿದ್ದರು. ನಾನು ಮೇಲಿನದನ್ನು ಓದುವ ಗೋಜಿಗೇ ಹೋಗದೆ ಗೀಚಿಕೊಟ್ಟಿದ್ದೆ. ಕ್ಯಾಮೆರಾದವನು ಕಾಗದದ ಹತ್ತಿರ ಹೋದ. ಹದಿನಾಲ್ಕು ಸಹಿಗಳು. ಮೊದಲ ಸಹಿ ನನ್ನ ಹೆಂಡತಿಯದು.

ಚರ್ಚೆ ಅಲ್ಲಿಗೆ ಮುಗಿಯಿತು. ನಾನು ಇಂಗು ತಿಂದ ಮಂಗನ ಹಾಗೆ ಹಲಗೆಗಳನ್ನು ಎತ್ತಿಟ್ಟು ಮನೆಗೆ ಬಂದೆ.

ಸ್ವಲ್ಪ ಹೊತ್ತಿಗೆ ಅವಳೂ ಬಂದಳು. ಎಂದಿನಂತೆ ಜಗ್ ಎತ್ತಿದಳು. ಅವಳು ನೀರು ಕುಡಿಯುವುದನ್ನು ಅಂದು ಮೊದಲ ಸಲ ಸರಿಯಾಗಿ ನೋಡಿದೆ. ಕತ್ತಿನ ನರ ಉಬ್ಬಿತ್ತು, ಕಣ್ಣು ಮುಚ್ಚಿತ್ತು. ಒಂಟೆ ಎನ್ನುವುದಕ್ಕೆ ಬಾಯಿ ಬರಲಿಲ್ಲ. ನನಗೆ ನಾಚಿಕೆಯಾಯಿತು, ತುಂಬಾ ನಾಚಿಕೆಯಾಯಿತು. ಹುಲ್ಲಿಗೆ ಮೂರು ಹೊತ್ತು ನೀರು ಹಾಕುವ ನಾನು, ಇವಳನ್ನು ಆರು ವರ್ಷ ಒಣಗಿಸಿದ್ದೆ.

“ನನಗೆ ಹೇಳಬಾರದಿತ್ತಾ?” ಎಂದೆ. (ಕೇಳಬಾರದ ಪ್ರಶ್ನೆ ಎಂದು ಕೇಳಿದ ಮೇಲೆ ಗೊತ್ತಾಯಿತು.)

“ಹೇಳಬಾರದಿತ್ತಾ? ನೀವು ಬೀಗ ಹಾಕಿದ ದಿನಾನೇ ಹೇಳ್ದೆ. ‘ಹೂಂ’ ಅಂದ್ರಿ. ಅರ್ಜಿ ಬರೆಯೋ ಮುಂಚೆ ಹೇಳ್ದೆ. ‘ಹೂಂ, ಪಶ್ಚಿಮದ ಮೂಲೇಲಿ ಬೂಷ್ಟು ಬಂದಿದೆ’ ಅಂದ್ರಿ. ಕೊಟ್ಟ ಮೇಲೆ ಹೇಳ್ದೆ. ನಿದ್ದೆ ಮಾಡಿಬಿಟ್ರಿ!”

“ಅದಕ್ಕೆ ಇಡೀ ತಂಡಕ್ಕೇ ಹೇಳೋದಾ?”

“ನಾನು ಹೇಳಲಿಲ್ಲ. ನೆಲಮಾಳಿಗೇಲಿ ತಲೆ ಸುತ್ತಿ ಕೂತುಬಿಟ್ಟಿದ್ದೆ. ಜೆರ್ಸಿ ತಗೊಳ್ಳೋಕೆ ಬಂದ ಆ ಗೋಲ್‌ಕೀಪರ್ ಹುಡುಗ ನೋಡಿದ. ನೀರು ತಂದುಕೊಟ್ಟ, ನಾನು ಬೇಡ ಅಂದೆ. ಯಾಕಕ್ಕ ಅಂದ. ಅವನು ಕೇಳಿದ ರೀ, ಅದಕ್ಕೆ ಹೇಳ್ದೆ.” ಅವಳು ಜಗ್ ಕೆಳಗಿಟ್ಟಳು. “ನಾವು ಹದಿನಾಲ್ಕು ಜನ ನಿಮ್ಮ ಹುಲ್ಲಿನ ಮೇಲೆ ಕೂತಿದ್ರೂ ನೀವು ಹುಲ್ಲನ್ನೇ ನೋಡ್ತಿದ್ರಿ.”

ಅತ್ತೆ ಬಟಾಣಿಯಿಂದ ತಲೆಯೆತ್ತದೆ, “ಇದೂ ತತ್ತ್ವದ ವಿಷಯಾನಾ ಅಳಿಯಂದ್ರೇ?” ಎಂದರು.

ಮರುದಿನ ಬೆಳಕು ಹರಿಯುವುದಕ್ಕೆ ಮೊದಲೇ ಹೋಗಿ ಕೋಣೆ ಖಾಲಿ ಮಾಡಲು ಶುರುಮಾಡಿದೆ. ಮೂವತ್ತೆಂಟು ಮೂಟೆ! ನೆಲ ಉಜ್ಜಿದೆ, ನಲ್ಲಿ ರಿಪೇರಿ ಮಾಡಿದೆ, ಬಾಗಿಲಿಗೆ ಹೊಸ ಚಿಲಕ ಹಾಕಿದೆ. ಫ್ಯಾನು ಬಿಚ್ಚಲು ಏಣಿ ಹತ್ತಿದಾಗ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. “ಅದು ಅಲ್ಲೇ ಇರಲಿ” ಎಂದಳು. ಇಳಿದೆ.

ಮೂಟೆಗಳಿಗೆ ಬೇರೆ ಜಾಗವಿಲ್ಲ ಎಂದರು ವ್ಯವಸ್ಥಾಪಕರು. ಈಗ ಬೀಜವೆಲ್ಲ ನಮ್ಮ ಮಲಗುವ ಕೋಣೆಯಲ್ಲಿದೆ, ಗೊಬ್ಬರ ಬಾಲ್ಕನಿಯಲ್ಲಿದೆ. ಬೀಜದ ಹಿತದೃಷ್ಟಿಯಿಂದ ನಾನು ನಡುಮನೆಯಲ್ಲಿ ಮಲಗುತ್ತೇನೆ, ಖಾಲಿ ಮೊಳೆಯ ಕೆಳಗೆ.

ಕೊನೆಯ ಪಂದ್ಯದ ದಿನ ಬಂತು. ಅನ್ಯಾಯ ಸರಿಹೋಗಿತ್ತು, ಇನ್ನು ಕೂರುವ ಪ್ರಶ್ನೆಯೇ ಇಲ್ಲ. ಬಾಚಿ, ಉಪಚರಿಸಿ ನನ್ನ ಮೊಳಕೆಗಳನ್ನು ಮತ್ತೆ ನಿಲ್ಲಿಸಿದ್ದೆ. ಪರೀಕ್ಷಕರು ಬರೆಯುವ ಹಲಗೆ ಹಿಡಿದು ಗೆರೆಯ ಪಕ್ಕ ನಿಂತಿದ್ದರು. ಮೈದಾನ ನೋಡಿ ಎರಡು ಸಲ ತಲೆದೂಗಿದರು.

ಆಗ ಗೋಡೆ ಮೈಕು ಹಿಡಿದ. “ಇವತ್ತು ಪ್ರತಿಭಟನೆ ಇಲ್ಲ. ತನ್ನ ತಪ್ಪನ್ನ ತಾನೇ ಒಪ್ಪಿ, ಒಬ್ಬನೇ ಮೂವತ್ತೆಂಟು ಮೂಟೆ ಹೊತ್ತ ನಮ್ಮ ಹುಲ್ಲಣ್ಣನ ಗೌರವಕ್ಕೆ ನಾವೆಲ್ಲ ಒಂದು ನಿಮಿಷ…”

“ಬೇಡಪ್ಪೋ!” ಎಂದು ಕೂಗಿದೆ. ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಹನ್ನೊಂದು ಜನ ಆಟಗಾರರು, ಹದಿನಾಲ್ಕು ಜನ ಹೆಂಗಸರು ಸಾಲಾಗಿ ನಡೆದುಬಂದು ಆ ಮೊಳಕೆಗಳ ಮೇಲೆಯೇ ಕೂತರು. ನನ್ನ ಹೆಂಡತಿ ತನ್ನ ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿ, “ಬನ್ನಿ ರೀ” ಎಂದಳು. ಹದಿನೆಂಟು ಸಾವಿರ ಜನ ನನ್ನನ್ನೇ ನೋಡುತ್ತಿದ್ದರು. ಹೋದೆ. ಕೂತೆ. ಕೂತ ಮೇಲೆ, ಆಶ್ಚರ್ಯ ನೋಡಿ, ಹಾಯಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ನಾನು ನನ್ನ ಹುಲ್ಲಿನ ಮೇಲೆ ಕೂತಿರಲಿಲ್ಲ.

ಏಳನೇ ಬಾರಿಯೂ ಎರಡನೇ ಸ್ಥಾನವೇ ಬಂತು. ಪರೀಕ್ಷಕರು ವರದಿಯಲ್ಲಿ ಬರೆದಿದ್ದರು: ‘ಉತ್ತರದ ಗೋಲಿನ ಬಳಿ ಹೊಸ ಹುಲ್ಲಿನಲ್ಲಿ ಇಪ್ಪತ್ತೈದು ಸಣ್ಣ ತಗ್ಗುಗಳಿವೆ. ಅವನ್ನು ಕ್ಷಮಿಸಬಹುದಿತ್ತು. ಇಪ್ಪತ್ತಾರನೆಯದನ್ನು ಕ್ಷಮಿಸುವಂತಿಲ್ಲ.’

ವರದಿ ಹಿಡಿದುಕೊಂಡು ಆ ಇಪ್ಪತ್ತಾರನೆಯ ಗುಂಡಿಯ ಮುಂದೆ ತಲೆ ಮೇಲೆ ಕೈಹೊತ್ತು ನಿಂತಿದ್ದೆ. ಅಳತೆ ನೋಡಿದರೆ ಅನುಮಾನವೇ ಇರಲಿಲ್ಲ, ಅದು ನನ್ನದೇ. ಮಧ್ಯಾಹ್ನದ ಉರಿಬಿಸಿಲಲ್ಲಿ ಹೆಂಡತಿ ನೆಲಮಾಳಿಗೆಯಿಂದ ಮೇಲೆ ಬಂದಳು. ಕೈಯಲ್ಲಿ ನೀರಿನ ಬಾಟಲಿ ಇತ್ತು. ಗುಂಡಿಯನ್ನು ನೋಡಿದಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಬಾಟಲಿಯೆತ್ತಿ ಅವಸರವಿಲ್ಲದೆ ಅರ್ಧ ಕುಡಿದು, ಉಳಿದರ್ಧ ನನ್ನ ಕೈಗಿಟ್ಟಳು.

“ತಗೊಳ್ಳಿ, ನಿಮ್ಮ ಗುಂಡಿಗೆ ಹಾಕಿ” ಎಂದಳು.