ಸೋದರಮಾವನ ಕ್ಷೌರದ ಕತ್ತಿ

ಗ್ರಂಥಾಲಯದ ಗೋಡೆಯ ಮೇಲೆ ಐದು ಫೋಟೋಗಳಿದ್ದವು. ಐವರೂ ಹಿಂದಿನ ಮುಖ್ಯಸ್ಥರು. ಐವರ ಕೆನ್ನೆಯೂ ಒಂದು ಕೂದಲಿಲ್ಲದೆ ಮಿರಮಿರ ಮಿಂಚುತ್ತಿತ್ತು. ಆರನೆಯ ಮೊಳೆ ಖಾಲಿ. ಬರುವ ಶನಿವಾರ ಹನ್ನೊಂದು ಗಂಟೆಗೆ ಫೋಟೋದವನು ಬಂದು ಹೊಸ ಮುಖ್ಯಸ್ಥರ ಮುಖ ಸೆರೆಹಿಡಿದರೆ, ಅದು ಆ ಮೊಳೆಯಲ್ಲಿ ಶಾಶ್ವತವಾಗಿ ನೇತಾಡುವುದೆಂದು ತೀರ್ಮಾನವಾಗಿತ್ತು. ಆ ಹೊಸ ಮುಖ್ಯಸ್ಥರೇ ನಮ್ಮ ಗ್ರಂಥಪಾಲಕರು.

ಅವರ ಸಂಕಟವೆಲ್ಲ ಕೆನ್ನೆಯದು. ಪ್ಲಾಸ್ಟಿಕ್ ರೇಜರನ್ನು ಎರಡು ಸಲ ಎಳೆದರೆ ಸಾಕು, ಮುಖದ ತುಂಬ ಕೆಂಪು ಗುಳ್ಳೆ. ಇಂಥ ಮುಖ ಹೊತ್ತು ಗೋಡೆ ಹತ್ತುವುದು ಹೇಗೆಂದು ಕೊರಗುತ್ತಿದ್ದವರಿಗೆ ಭಾನುವಾರ ಅಟ್ಟದ ಪೆಟ್ಟಿಗೆಯಲ್ಲಿ ಸೋದರಮಾವನ ಕ್ಷೌರದ ಕತ್ತಿ ಸಿಕ್ಕಿತು, ಜೊತೆಗೆ ಎರಡು ಸಾಣೆಕಲ್ಲು. ಮಡಿಸುವ ಹಿಡಿ, ಸ್ಟೇನ್‌ಲೆಸ್ ಸ್ಟೀಲಿನ ಅಲಗು. ಮಾವ ಹೋಗಿ ಇಪ್ಪತ್ತು ವರ್ಷವಾದರೂ ಒಂದು ಚುಕ್ಕೆ ತುಕ್ಕಿಲ್ಲ. ಹರಿತವೂ ಇಲ್ಲ. (ಬೆಣ್ಣೆ ಸವರುವುದಕ್ಕೆ ಲಾಯಕ್ಕಾಗಿತ್ತು.)

"ಇದನ್ನ ನನ್ನ ಕೈಯಾರೆ ಮಸೆದು, ಶನಿವಾರ ಇದರಲ್ಲೇ ಶೇವ್ ಮಾಡ್ಕೊಳ್ಳೋದು. ಅಲ್ಲೀವರೆಗೂ ಬೇರೆ ಯಾವ ಬ್ಲೇಡೂ ಈ ಮುಖ ಮುಟ್ಟಕೂಡದು" ಎಂದು ನಡುಮನೆಯಲ್ಲಿ ನಿಂತು ಘೋರ ಪ್ರತಿಜ್ಞೆ ಮಾಡಿದರು.

ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವರು. ಮಿಷನ್ನಿನಿಂದ ತಲೆ ಎತ್ತದೆಯೇ ಹೇಳಿದರು: "ಹಾಗೇ ನನ್ನ ಕತ್ತರೀನೂ ಒಂಚೂರು ಮಸೆದುಕೊಡಿ. ಹೊಲಿಗೆ ಬಿಚ್ಚೋಕೆ ಹೋದ್ರೆ ಬಟ್ಟೇನ ಅಗೀತಿದೆ."

"ನೋಡೇ, ಇದು ಕ್ಷೌರದ ಸಾಣೆಕಲ್ಲು. ಕಂಡಕಂಡ ಕತ್ತರಿ ಉಜ್ಜೋ ಕಲ್ಲಲ್ಲ."

"ಸರಿ ಬಿಡಿ" ಎಂದರು ಆಕೆ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದ ಗಂಡಸು ಈ ಎರಡು ಮಾತು ಕೇಳಿದ ಕೂಡಲೇ ಎಚ್ಚೆತ್ತುಕೊಳ್ಳಬೇಕಿತ್ತು. ಗ್ರಂಥಪಾಲಕರು ಎಚ್ಚೆತ್ತುಕೊಳ್ಳಲಿಲ್ಲ.

ಸೋಮವಾರ ಸಂಜೆ ಮಹಾಕಾರ್ಯ ಆರಂಭವಾಯಿತು. ಒರಟು ಕಲ್ಲಿಗೆ ನೀರು ಚಿಮುಕಿಸಿ, ಅಲಗನ್ನು ಪೂರ್ತಿ ಮಲಗಿಸಿ ನೂರು ಸಲ. ನಯ ಕಲ್ಲಿನ ಮೇಲೆ ಇನ್ನೂರು ಸಲ. ಆಮೇಲೆ ತಮ್ಮ ಸೊಂಟದ ಬೆಲ್ಟನ್ನೇ ಕಿಟಕಿಯ ಸರಳಿಗೆ ಕಟ್ಟಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಇನ್ನೊಂದರಲ್ಲಿ ಕತ್ತಿಯನ್ನು ಚರ್ಮಕ್ಕೆ ತಿಕ್ಕಿದರು. ಸ್ಟೇನ್‌ಲೆಸ್ ಸ್ಟೀಲು ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ಗ್ರಂಥಪಾಲಕರೂ ಅದೇ ಸ್ವಭಾವದವರು. ಎರಡು ಗಂಟೆಯ ಮೇಲೆ ಎಡಗೈಗೆ ಅಲಗು ತಾಗಿಸಿದರೆ ಕೂದಲು ಸದ್ದಿಲ್ಲದೆ ಉದುರಿತು. ಅವರ ಕಣ್ಣು ತುಂಬಿ ಬಂತು.

ಮಂಗಳವಾರ ಆಫೀಸಿನಿಂದ ಬಂದು ಆ ಸುಖವನ್ನು ಇನ್ನೊಮ್ಮೆ ಅನುಭವಿಸೋಣವೆಂದು ನೋಡಿದರೆ ಕತ್ತಿ ಮೊಂಡು. ಮತ್ತೆ ಮುನ್ನೂರು ಸಲ, ಮತ್ತೆ ಹರಿತ. ಬುಧವಾರ ಮತ್ತೆ ಮೊಂಡು. ಕಲ್ಲನ್ನು ಬೈದರು, ನೀರನ್ನು ಬೈದರು, ಸ್ವರ್ಗಸ್ಥ ಸೋದರಮಾವನನ್ನೂ ಬಿಡಲಿಲ್ಲ. ಹಿಡಿಯ ಸಂದಿಯಲ್ಲಿ ಸಿಕ್ಕ ಕಪ್ಪು ಎಳೆಯನ್ನು ತಮ್ಮದೇ ಕೂದಲೆಂದು ಊದಿ ಹಾರಿಸಿದರು. ಪರೀಕ್ಷೆಗಾಗಿ ಎಡಗೈ ಬೋಳಾಯಿತು, ಬಲಗೈ ಬೋಳಾಯಿತು, ಶುಕ್ರವಾರಕ್ಕೆ ಮೊಣಕಾಲೂ ಬೋಳಾಯಿತು. ಗಡ್ಡ ಮಾತ್ರ ಸೊಂಪಾಗಿ ಬೆಳೆಯಿತು.

"ಮೂಲೆ ಕ್ಷೌರದಂಗಡಿಗೆ ಹೋಗಿ ಶೇವ್ ಮಾಡಿಸ್ಕೊಂಡು ಬನ್ನಿ ಅಂದ್ರೆ" ಎಂದರು ಹೆಂಡತಿ.

"ಪ್ರತಿಜ್ಞೆ ಅಂದ್ರೆ ಪ್ರತಿಜ್ಞೆ."

ಶನಿವಾರ ಬೆಳಿಗ್ಗೆ ಏಳಕ್ಕೇ ಎದ್ದು ಮಸೆದರು. ನೊರೆ ಹಚ್ಚಿ ಬಲಗೆನ್ನೆಗೆ ಕತ್ತಿ ಇಟ್ಟರೆ, ಆಹಾ, ನವಿಲುಗರಿ ಸವರಿದ ಹಾಗೆ. ಬಲಭಾಗ ಮುಗಿಯುವಷ್ಟರಲ್ಲಿ ಹತ್ತು ಗಂಟೆ.

"ರೀ, ಒಂದು ನಿಮಿಷ ಬಂದು ಈ ಕೋಟು ಹಾಕ್ಕೊಂಡು ನೋಡಿ."

ಕತ್ತಿಯನ್ನು ಮೇಜಿನ ಮೇಲಿಟ್ಟು ಕೋಟು ತೊಟ್ಟರು. ಏಳು ವರ್ಷದಿಂದ ಗುಂಡಿ ಸೇರದಿದ್ದ ಕಪ್ಪು ಕೋಟು ಹೊಟ್ಟೆಯ ಮೇಲೆ ಹಾಯಾಗಿ ಕೂತಿತು. ಅಷ್ಟರಲ್ಲಿ ಹೆಂಡತಿ, "ತೋಳಲ್ಲಿ ಒಂದು ಹೊಲಿಗೆ ಎಳೀತಿದೆ" ಎನ್ನುತ್ತ ಕೋಟು ಬಿಚ್ಚಿಸಿ, ಸಹಜವಾಗಿ ಕೈಚಾಚಿ ಸೋದರಮಾವನ ಕತ್ತಿ ತೆಗೆದುಕೊಂಡು, ದಪ್ಪ ನೂಲಿನ ಹೊಲಿಗೆಯನ್ನು ಪರಪರ ಬಿಚ್ಚಿದರು.

ಗ್ರಂಥಪಾಲಕರು ಕತ್ತಿಯ ಹಿಡಿಯಲ್ಲಿ ಸಿಕ್ಕ ಕಪ್ಪು ಎಳೆಯನ್ನು ಎತ್ತಿ ಹಿಡಿದರು. "ಇಡೀ ವಾರ ಇದರಲ್ಲೇ ಬಿಚ್ಚಿದ್ಯಾ?"

"ಮತ್ತೆ? ಕತ್ತರಿ ಮಸೆಯೋಕೆ ಆಗಲ್ಲ ಅಂದ್ರಿ. ಇದನ್ನ ದಿನಾ ಅಷ್ಟು ಚೆನ್ನಾಗಿ ಮಸೆದಿಡ್ತಿದ್ರಿ. ಗೋಡೆ ಮೇಲಿರೋ ಫೋಟೋದಲ್ಲಿ ನೀವು ಉಸಿರು ಬಿಗಿಹಿಡ್ಕೊಂಡು ನಿಲ್ಲಬಾರದು ಅಂತ ಪೂರ್ತಿ ಕೋಟು ಬಿಚ್ಚಿ ಹೊಲಿದೆ."

ಅವರಿಗೆ ಸಿಟ್ಟೂ ಬಂತು, ಪ್ರೀತಿಯೂ ಉಕ್ಕಿತು. ಎರಡನ್ನೂ ನುಂಗಿ ಕನ್ನಡಿಯ ಮುಂದೆ ನಿಂತರು. ಎಡಗೆನ್ನೆಗೆ ಕತ್ತಿ ಇಟ್ಟರೆ ಕೂದಲು ಕುಯ್ಯಲಿಲ್ಲ, ಕಿತ್ತಿತು. ಮತ್ತೆ ಮಸೆಯಲು ಸಮಯವಿಲ್ಲ.

"ಪ್ಲಾಸ್ಟಿಕ್ ರೇಜರ್ ಬಚ್ಚಲಲ್ಲೇ ಇದೆ" ಎಂದರು ಹೆಂಡತಿ ಮೆತ್ತಗೆ.

"ಪ್ರತಿಜ್ಞೆ" ಎಂದವರೇ, ತೋಳಿಗೆ ಮರುಹೊಲಿಗೆ ಹಾಕಿಸಿಕೊಂಡ ಕೋಟು ತೊಟ್ಟು, ಎಡಗೆನ್ನೆಗೆ ಕರವಸ್ತ್ರ ಒತ್ತಿಕೊಂಡು ಬಸ್ಸು ಹತ್ತಿದರು.

ಈಗ ಆರನೆಯ ಮೊಳೆಯಲ್ಲಿ ಅವರ ಫೋಟೋ ಇದೆ. ಐವರು ಮುಖ್ಯಸ್ಥರು ನೇರ ಓದುಗರನ್ನೇ ನೋಡುತ್ತಾರೆ. ಆರನೆಯವರು ಮಾತ್ರ ಬಲಗೆನ್ನೆಯೊಂದನ್ನೇ ತೋರಿಸಿ ಕಿಟಕಿಯಾಚೆ ದೃಷ್ಟಿ ನೆಟ್ಟಿದ್ದಾರೆ. ಬಂದವರೆಲ್ಲ ಕೋಟು ಯಾರು ಹೊಲಿದದ್ದೆಂದು ಕೇಳುತ್ತಾರೆ.

ಫೋಟೋ ತೆಗೆದ ಮರುದಿನ, ಭಾನುವಾರ, ಗ್ರಂಥಪಾಲಕರು ಯಾರೂ ಹೇಳದೆಯೇ ಕಲ್ಲಿಗೆ ನೀರು ಚಿಮುಕಿಸಿ ಹೆಂಡತಿಯ ಕತ್ತರಿ ಮಸೆಯಲು ಕೂತರು. ಒಂದು ಅಲಗು ಮುಗಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಮಿಷನ್ನಿನ ಕಡೆಯಿಂದ ಮಾತು ಬಂತು:

"ಇನ್ನೊಂದು ಅಲಗೂ ಇದೆ ರೀ. ಅದನ್ನೂ ಅರ್ಧಕ್ಕೆ ಬಿಡಬೇಡಿ."