ಗುಂಡು ತಿಂದ ಹೀರೋ, ಎರಡೂಟ ಉಂಡ ಗಂಡ

ಹರೆಯದಲ್ಲಿ ಮೆಚ್ಚಿದ ಸಿನಿಮಾವನ್ನು ಐವತ್ತು ದಾಟಿದ ಮೇಲೆ ಮತ್ತೆ ನೋಡಬಾರದು. ನೋಡಿದರೂ ಹೆಂಡತಿ, ಮಗಳ ನಡುವೆ ಕೂತಂತೂ ನೋಡಲೇಬಾರದು. ಈ ಜ್ಞಾನೋದಯ ನನಗೆ ಹೋದ ಭಾನುವಾರ ಮಧ್ಯಾಹ್ನ, ಹುಕ್ಕೇರಿಯ ನಮ್ಮ ಮನೆಯ ಟಿವಿ ಮುಂದೆ ಆಯಿತು.

ಮಗಳು ಸುಮಾ, "ಹಳೇ ಪಿಕ್ಚರ್ ಅಂದ್ರ ಬರೇ ಬೋರ್" ಎಂದದ್ದೇ ಇದಕ್ಕೆಲ್ಲ ಮೂಲ. ನಾನು ಕೆರಳಿದೆ. ಗೋಕಾಕದಲ್ಲಿ ಕಾಲೇಜು ಓದುವಾಗ ಒಂದೇ ಸಿನಿಮಾವನ್ನು ಒಂಬತ್ತು ಸಲ ನೋಡಿ ಒಂಬತ್ತೂ ಸಲ ಅತ್ತವನು ನಾನು. ಕನ್ಯೆ ನೋಡಲು ಮಸಗುಪ್ಪಿಗೆ ಹೋದಾಗಲೂ ಅದರ ಹೀರೋನಂತೆ ಕಾಲರ್ ಎತ್ತಿ, ತಲೆ ಓರೆ ಮಾಡಿ ಕೂತಿದ್ದೆ. ಮಾವನವರು ಗಾಬರಿಯಿಂದ, "ಕುತ್ತಿಗಿ ಹಿಡದೈತೇನ್ರಿ?" ಎಂದು ಕೇಳಿದ್ದರು. ಹೀಗೆ ಆ ಸಿನಿಮಾದ ಮಾನವೆಂದರೆ ನನ್ನದೇ ಮಾನ. "ಕಡೀಕ ನೀವು ಅಳಲಿಲ್ಲಂದ್ರ ನನ್ನ ಹೆಸರು ಬ್ಯಾರೆ ಇಡ್ರಿ" ಎಂದು ಸವಾಲು ಹಾಕಿ, ಕಣ್ಣೊರೆಸಿಕೊಳ್ಳಲು ಒಂದು ಟವೆಲನ್ನೂ ತಂದಿಟ್ಟೆ.

ಹೀರೋ ಹುಡುಗಿಯ ಬೆನ್ನು ಹತ್ತಿ ಕಾಲೇಜು, ಗುಡಿ, ಬಸ್ ಸ್ಟ್ಯಾಂಡ್ ಎಲ್ಲ ಸುತ್ತಿದ.

"ಅಪ್ಪಾ, ಈಕಿ ಪೊಲೀಸರಿಗೆ ಯಾಕ ಹೇಳಂಗಿಲ್ಲ?" ಎಂದಳು ಸುಮಾ.

"ಅದು ಪ್ರೇಮ!" ಎಂದೆ. ನನ್ನ ದನಿಯಲ್ಲಿ ನನಗೇ ಕಸುವು ಕಾಣಲಿಲ್ಲ.

ಕೊನೆಗೂ ಆ ದೃಶ್ಯ ಬಂತು. ಆರು ಗುಂಡು ತಿಂದ ಹೀರೋ ತಾಯಿಯ ತೊಡೆಯ ಮೇಲೆ ಮಲಗಿ ಭಾಷಣ ಆರಂಭಿಸಿದ. ದೇಶ, ಧರ್ಮ, ತಂಗಿಯ ಮದುವೆ ಎಲ್ಲ ಮುಗಿಸಿ ಮತ್ತೆ ದೇಶಕ್ಕೆ ಬಂದ. ನನ್ನ ಕಣ್ಣು ಆಗಲೇ ತೇವ. ಅಷ್ಟರಲ್ಲಿ ಹೆಂಡತಿ ಗೌರವ್ವ, "ಏನ್ರಿ, ಇಷ್ಟೊತ್ತಿಗೆ ದವಾಖಾನಿಗೆ ಒಯ್ದಿದ್ರ ಆರಾಮಾಗಿ ನಡಕೊಂಡು ಮನಿಗೆ ಬರ್ತಿದ್ದ" ಎಂದಳು. ಸುಮಾ ನಕ್ಕ ರಭಸಕ್ಕೆ ಕುರ್ಚಿಯಿಂದ ಜಾರಿದಳು. ಇಬ್ಬರಿಗೂ ನಕ್ಕು ನಕ್ಕು ಕಣ್ಣೀರು, ಟವೆಲ್ಲಿಗಾಗಿ ಜಗ್ಗಾಟ. ಇದಕ್ಕಿಂತ ಹೀನಾಯವೆಂದರೆ, ನನಗೂ ನಗು ಬಂದುಬಿಟ್ಟಿತು.

ಮಸಗುಪ್ಪಿಯಿಂದ ಬಂದಿದ್ದ ಅತ್ತೆ ಆಗ ತಮ್ಮ ಕಾಲದ ಒಂದು ಕಪ್ಪು-ಬಿಳುಪು ಚಿತ್ರದ ಹೆಸರು ಹೇಳಿ, "ಅದನ್ನ ಹಚ್ಚವಾ" ಎಂದರು. ಅದರಲ್ಲಿ ಗುಂಡಿಲ್ಲ, ಭಾಷಣವಿಲ್ಲ. ಒಬ್ಬ ಗಂಡ ಅಕ್ಕನ ಮನೆಯಲ್ಲಿ ಗಡದ್ದಾಗಿ ಉಂಡು ಬಂದಿದ್ದಾನೆ. ಕಾದು ಕೂತ ಹೆಂಡತಿಗೆ ಅದನ್ನು ಹೇಳುವ ಧೈರ್ಯವಿಲ್ಲದೆ ಮತ್ತೆ ಊಟಕ್ಕೆ ಕೂಡುತ್ತಾನೆ. ಆಕೆ ಬಡಿಸುತ್ತಲೇ ಇದ್ದಾಳೆ, ಅವನ ಮುಖ ಉಬ್ಬುತ್ತಲೇ ಇದೆ. ಅವರು ನಮ್ಮನ್ನು ನಗಿಸಬೇಕೆಂದು ಹೊರಟವರೇ ಅಲ್ಲ. ಪಾಪ, ತಮ್ಮ ಪಾಡಿಗೆ ಸಂಸಾರ ಮಾಡುತ್ತಿದ್ದರು. ಸುಮಾ ಹೊಟ್ಟೆ ಹಿಡಿದುಕೊಂಡಳು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಗೌರವ್ವ ಥಟ್ಟನೆ ಟಿವಿ ನಿಲ್ಲಿಸಿದಳು.

"ಏನ್ರಿ, ಮೊನ್ನೆ ಅಂಕಲಗಿಯಿಂದ ಬಂದು ಒಂದು ರೊಟ್ಟಿ ತಿನ್ನಾಕ ಅರ್ಧಾ ತಾಸು ತಗೊಂಡ್ರಲ್ಲ, ನಿಮ್ಮಕ್ಕನ ಮನ್ಯಾಗ ಉಂಡು ಬಂದಿದ್ರೇನು?"

"ಬರೇ ನಾಕು ಹೋಳಗಿ..." ಎಂದೆ.

"ಇಂಥಾ ಗಂಡಸರು ಇರೂ ಮಟ ಈ ಪಿಕ್ಚರ್ ಹಳೇದಾಗೂದಿಲ್ಲ ತಗೋ" ಎಂದು ಅತ್ತೆ ಮತ್ತೆ ಚಿತ್ರ ಹಚ್ಚಿಸಿದರು.

ಆ ಗಂಡ ಮುಂದೆ ಹೇಗೆ ಪಾರಾಗುತ್ತಾನೋ ತಿಳಿದುಕೊಳ್ಳಲು ನಾನು ಟಿವಿಗೆ ಇನ್ನಷ್ಟು ಹತ್ತಿರ ಸರಿದು ಕೂತೆ.