ಮೂರು ತಾಂಬೂಲ, ಒಂದು ಓಟು

ಕೆಲವರಿಗೆ ದಾರಿಯಲ್ಲಿ ನಾಲ್ಕಾಣೆ ಸಿಗುತ್ತದೆ, ಕೆಲವರಿಗೆ ನೆಂಟರು ಸಿಗುತ್ತಾರೆ. ನನಗೆ ಹೋದಲ್ಲೆಲ್ಲ ಗೊಂದಲವೇ ಸಿಗುತ್ತದೆ. ರಿಟೈರಾಗಿ ಇಷ್ಟು ವರ್ಷವಾದರೂ ಅದು ನಿಂತಿಲ್ಲ. ಮೊನ್ನೆ ಬೆಳಿಗ್ಗೆ ಹೋಟೆಲಿನಲ್ಲಿ ಇಡ್ಲಿಯೋ ದೋಸೆಯೋ ಅಂತ ಯೋಚಿಸುತ್ತ ಕೂತಿದ್ದೆ. ಸಪ್ಲೈಯರ್ ಬಂದು ಮಧ್ಯಾಹ್ನದ ಊಟಕ್ಕೆ ಎಲೆ ಹಾಕಿಬಿಟ್ಟ.

ಈ ಕಾಯಿಲೆ ಶುರುವಾದದ್ದು ಎಪ್ಪತ್ತರ ದಶಕದ ಒಂದು ಬೇಸಗೆಯಲ್ಲಿ. ಮಧುರೆ ಹೋಬಳಿಯ ನಮ್ಮ ಹಳ್ಳಿಯಲ್ಲಿ ಬಿ.ಎ. ಪಾಸಾದ ಮೊದಲನೆಯವನು ನಾನೇ. ಆಗಷ್ಟೇ ಇಪ್ಪತ್ತೊಂದು ತುಂಬಿ ಓಟಿನ ಹಕ್ಕೂ ಬಂದಿತ್ತು. ಎರಡೂ ಒಟ್ಟಿಗೆ ಬಂದದ್ದೇ ತಪ್ಪಾಯಿತು.

ಯಾಪಾರದ ಇಸ್ಕೂಲು

ಬಿ.ಎ. ಆದಮೇಲೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಪೇಪರಿನಲ್ಲಿ ಒಂದು ಜಾಹೀರಾತು ಕಂಡಿತು: ಬೆಂಗಳೂರಿನಲ್ಲಿ ಬಿಸಿನೆಸ್ ಮ್ಯಾನೇಜ್‌ಮೆಂಟ್, ಎರಡು ವರ್ಷದ ಓದು. ಇನ್ನೆರಡು ವರ್ಷ ಯಾವ ನಿರ್ಧಾರವನ್ನೂ ಮಾಡಬೇಕಾಗಿಲ್ಲ ಅನ್ನೋದೇ ನನಗೆ ದೊಡ್ಡ ಆಕರ್ಷಣೆ. ಅಪ್ಪ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದಾಗ ಮೆಲ್ಲಗೆ ವಿಷಯ ತೆಗೆದೆ.

"ಅಪ್ಪಾ, ಬೆಂಗಳೂರಲ್ಲಿ ಬಿಸಿನೆಸ್ ಓದ್ತೀನಿ."

"ಅಂಗಂದ್ರೆ?"

"ವ್ಯಾಪಾರ ಹೆಂಗೆ ಮಾಡೋದು ಅಂತ ಹೇಳ್ಕೊಡ್ತಾರೆ."

"ಹೇಳ್ಕೊಡೋರು ಯಾವ ಅಂಗಡಿ ಇಟ್ಟವ್ರೆ?"

"ಅಂಗಡಿ ಇಟ್ಟಿಲ್ಲ. ಅವರು ಪ್ರೊಫೆಸರುಗಳು."

ಅಪ್ಪ ಎತ್ತಿನ ಮುಖ ನೋಡಿ, ಅದಕ್ಕೇ ಹೇಳುವವನ ಹಾಗೆ ಹೇಳಿದ: "ನೋಡ್ಲಾ. ಬಾವೀನೇ ಕಾಣದೋರ ಹತ್ರ ಇವನು ಈಜು ಕಲೀತಾನಂತೆ. ಅದಕ್ಕೆ ಫೀಜು ಬೇರೆ."

ಅವ್ವ ಆ ಹೊತ್ತಿಗೆ ನುಗ್ಗೆಕಾಯಿ ಕಂತೆ ಕಟ್ಟುತ್ತಿದ್ದಳು. ವಾರವಾರ ದೊಡ್ಡಬಳ್ಳಾಪುರದ ಸಂತೆಗೆ ಹೋಗಿ ಒಂದು ಕಾಯಿಯನ್ನೂ ವಾಪಸು ತಾರದೆ ಮಾರಿ ಬರುವವಳು ಅವಳು. ವ್ಯಾಪಾರದ ಬಗ್ಗೆ ನಾವಿಬ್ಬರು ಗಂಡಸರು ಅರ್ಧ ಗಂಟೆ ಜಗಳವಾಡಿದೆವು. ಅವಳನ್ನು ಒಂದು ಮಾತು ಕೇಳಬೇಕು ಅಂತ ಎತ್ತಿಗೂ ಹೊಳೆಯಲಿಲ್ಲ.

ಎರಡು ಯಂತ್ರ

ಅಪ್ಪನಿಗೆ ಹೇಳದೆ ಅರ್ಜಿ ಹಾಕಿ ಇಂಟರ್‌ವ್ಯೂಗೆ ಹೋದೆ. ಮೇಜಿನ ಆಚೆ ಮೂವರು ಕೋಟಿನವರು. ಎಡಗಡೆಯವರು ಕೇಳಿದರು:

"ನೀವೊಂದು ಕಾರ್ಖಾನೆ ಮ್ಯಾನೇಜರು. ಎದುರಿಗೆ ಎರಡು ಯಂತ್ರ ಇವೆ. ಒಂದು ಅಗ್ಗ, ಇನ್ನೊಂದು ಗಟ್ಟಿ. ಯಾವುದನ್ನ ತಗೋತೀರಿ?"

"ಎರಡೂ ಚೆನ್ನಾಗಿರೋ ಹಾಗಿದೆ ಸಾರ್."

"ಒಂದನ್ನ ಹೇಳ್ರೀ."

ಬೆವರು ಕಿತ್ತುಕೊಂಡು ಬಂತು. "ತಾವಾಗಿದ್ರೆ ಯಾವುದು ತಗೋತಿದ್ರಿ ಸಾರ್?" ಅಂದುಬಿಟ್ಟೆ.

"ಗಟ್ಟಿಯದೇ. ಅದರಲ್ಲೇನಿದೆ?" ಅಂದರು ಅವರು.

"ಅದು ಹೇಗ್ರೀ ಆಗುತ್ತೆ?" ಅಂತ ಬಲಗಡೆಯವರು ಎದ್ದುಕೂತರು. ಅಲ್ಲಿಂದ ಇಬ್ಬರಿಗೂ ಹತ್ತಿಕೊಂಡಿತು. ಹತ್ತು ನಿಮಿಷವಾದರೂ ಮುಗಿಯಲಿಲ್ಲ. ನಡುವೆ ಕೂತಿದ್ದ ಹಿರಿಯರು ನನ್ನ ಕಡೆ ಬಗ್ಗಿ, "ನೀವು ಹೊರಡಿ. ತಾನು ಬಾಯಿ ಬಿಡದೆ ಬೇರೆಯವರ ಕೈಲಿ ಕೆಲಸ ಮಾಡಿಸೋದೇ ಮ್ಯಾನೇಜ್‌ಮೆಂಟು. ಅದು ನಿಮಗೆ ಆಗಲೇ ಬಂದಿದೆ" ಅಂದರು.

ವಾರದಲ್ಲಿ ಸೀಟು ಸಿಕ್ಕಿದ ಕಾಗದ ಬಂತು. ಯಾವ ಯಂತ್ರ ಸರಿ ಅನ್ನೋದು ನನಗೆ ಇವತ್ತಿಗೂ ಗೊತ್ತಿಲ್ಲ.

ಅಪ್ಪನ ಷರತ್ತು

ಆ ಕಾಗದದ ಜೊತೆ ಒಂದು ಫಾರಂ ಇತ್ತು. ಅದಕ್ಕೆ ಅಪ್ಪನ ಸೈನು ಬೇಕು, ಮುಂದಿನ ಸೋಮವಾರದ ಟಪಾಲಿಗೆ ಹೋಗಲೇಬೇಕು. ತಪ್ಪಿದರೆ ಸೀಟು ಇನ್ನೊಬ್ಬರಿಗೆ.

ಅಪ್ಪ ಫಾರಂ ಅನ್ನು ಮೂಸಿ ನೋಡಿ ಗೂಡಿನಲ್ಲಿಟ್ಟ. "ಭಾನುವಾರ ಪಂಚಾಯ್ತಿ ಎಲೆಕ್ಷನ್ನು. ನಮ್ಮ ಕೇರಿಯ ಒಂದು ಸೀಟಿಗೆ ಮೂರು ಜನ ನಿಂತವ್ರೆ. ಒಬ್ಬನ್ನ ಆರಿಸಿ ಓಟು ಹಾಕು. ಯಾರಿಗೆ, ಯಾಕೆ ಅಂತ ನನ್ನ ಮುಂದೆ ಹೇಳು, ಸೈನು ಹಾಕ್ತೀನಿ. ಒಂದು ಓಟು ಹಾಕಾಕೆ ತಿಣುಕಾಡೋನು ಕಂಪನಿ ಏನ್ಲಾ ನಡೆಸ್ತೀಯ?"

ಇಷ್ಟೇನಾ ಅಂದುಕೊಂಡೆ. ಆದರೆ ನಮ್ಮ ಕಡೆ ಒಂದು ಪದ್ಧತಿ. ಓಟು ಕೇಳಲು ಬಂದವರು ಎಲೆ ಅಡಿಕೆ ಕೊಡುತ್ತಾರೆ. ಕೈ ಚಾಚಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರೆ ಮಾತು ಕೊಟ್ಟ ಹಾಗೆ. ಬೇಡ ಅಂದರೆ ಮನೆಗೆ ಬಂದವರಿಗೆ ಅವಮಾನ.

ಸೋಮವಾರ ಚಿಕ್ಕಪ್ಪ ಬಂದ. ಗುರುತು ಛತ್ರಿ. "ಮಗಾ, ನಿನ್ನ ಹೆಗಲ ಮೇಲೆ ಹೊತ್ಕೊಂಡು ಬೆಳೆಸಿದೀನಿ" ಅಂದ. ಜಗಿದೆ. ಬುಧವಾರ ರಿಟೈರಾದ ಮೇಷ್ಟ್ರು ಬಂದರು. ಗುರುತು ಏಣಿ. ಅಕ್ಷರ ಕಲಿಸಿದವರು ತಾವೇ ಕೈ ಮುಗಿದು ನಿಂತರೆ ಏನು ಮಾಡಲಿ? ಜಗಿದೆ. ಶುಕ್ರವಾರ ರಾಗಿ ಮಿಲ್ಲಿನ ಯಜಮಾನರು ಬಂದರು. ಗುರುತು ತಕ್ಕಡಿ. "ಏನಪ್ಪಾ ಪದವೀಧರ, ಓದಿದೋರು ನಮ್ಮ ಕಡೆ ಇರ್ಬೇಕು" ಅಂದರು. ನನ್ನನ್ನು ಪದವೀಧರ ಅಂತ ಕರೆದವರು ಅವರೊಬ್ಬರೇ. ಖುಷಿಯಲ್ಲಿ ಎರಡು ಸಲ ಜಗಿದೆ.

ಶನಿವಾರ ಬಿಸಿನೆಸ್ ವಿದ್ಯಾರ್ಥಿಯ ಹಾಗೆ ಕಾಗದದ ಮೇಲೆ ಮೂರು ಕಾಲಂ ಎಳೆದು, ಗುಣ, ಕೆಲಸ, ಉಪಕಾರ ಅಂತ ಒಬ್ಬೊಬ್ಬರಿಗೂ ಅಂಕ ಕೊಟ್ಟೆ. ಕೂಡಿದರೆ ಮೂವರೂ ಸಮ. ಇನ್ನೊಂದು ಸಲ ಕೂಡಿದೆ. ಆಗಲೂ ಸಮ. ಅಪ್ಪ ಬಂದು, "ಏನ್ ಬರೀತಿದೀಯ?" ಅಂದ. "ಪರೀಕ್ಷೆ" ಅಂದೆ. "ಪಾಸಾದೋರು ಯಾರು?" ಅಂದ. "ಮೂವರೂ ಪಾಸು. ಫೇಲಾಗಿರೋನು ನಾನು" ಅಂದೆ.

ಮುದ್ರೆ

ಭಾನುವಾರ ಶಾಲೆಯಲ್ಲಿ ಮತದಾನ. ಅವ್ವ ಬೆಳಿಗ್ಗೆಯೇ ಹೋಗಿ ಹಾಕಿ ಬಂದಿದ್ದಳು. ಕ್ಯೂನಲ್ಲಿ ನನ್ನ ಮುಂದೆ ಅಪ್ಪ. ಮರೆಯೊಳಗೆ ಅವನು ಹೋದ ಮೇಲೆ ಮುದ್ರೆ ಒತ್ತುವ ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಬಂತು. ಆಮೇಲೂ ಬಂದ ಹಾಗಾಯಿತು.

"ಏನಪ್ಪಾ, ಇಷ್ಟು ಹೊತ್ತು?" ಅಂದೆ.

"ಇಂಕು ಸರಿಯಾಗಿ ಹತ್ತಲಿಲ್ಲ ಕಣ್ಲಾ" ಅಂತ ಮೀಸೆ ತೀಡಿದ. "ಹೋಗು, ಗಂಡಸಿನ ಹಂಗೆ ಒಂದೇಟಿಗೆ ಹಾಕಿ ಬಾ."

ಒಳಗೆ ಹೋದೆ. ಕಣ್ಣು ಮುಚ್ಚಿ ಛತ್ರಿಯ ಮೇಲೆ ಒತ್ತಿದೆ. ಮುಗಿಯಿತು ಅನ್ನುವಷ್ಟರಲ್ಲಿ ಹೊರಗೆ ಮೇಷ್ಟ್ರು ಕೆಮ್ಮಿದರು. ಒಂದನೇ ಕ್ಲಾಸಿನಲ್ಲಿ ನಾನು ಪಕ್ಕದವನ ಸ್ಲೇಟು ನೋಡಿದಾಗ ಕೆಮ್ಮುತ್ತಿದ್ದ ಅದೇ ಕೆಮ್ಮು. ಕೈ ತಾನಾಗಿ ಏಣಿಯ ಮೇಲೆ ಬಿತ್ತು. ಆಗ ಊರಾಚೆಯಿಂದ ಮಿಲ್ಲಿನ 'ಟುಕ್ ಟುಕ್' ಕೇಳಿಸಬೇಕೇ! ಪದವೀಧರ, ಪದವೀಧರ ಅಂದ ಹಾಗೇ ಇತ್ತು. ತಕ್ಕಡಿಗೂ ಒತ್ತಿದೆ. ಮೂವರಿಗೂ ಕೊಟ್ಟ ಮಾತು ಉಳಿಯಿತು ಅಂತ ಮನಸ್ಸು ಹಗುರಾಯಿತು.

ಕಾಗದ ಪೆಟ್ಟಿಗೆಯೊಳಗೆ ಬಿದ್ದ ಮೇಲೆ ಬಿ.ಎ.ಯಲ್ಲಿ ಓದಿದ್ದು ನೆನಪಾಯಿತು: ಒಬ್ಬರಿಗಿಂತ ಹೆಚ್ಚು ಜನರಿಗೆ ಮುದ್ರೆ ಒತ್ತಿದರೆ ಓಟು ಅಸಿಂಧು. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಪೂರ್ತಿ ಅಂಕ ಬಂದಿತ್ತು.

"ಯಾರಿಗೆ ಹಾಕ್ದೆ?" ಅಂತ ಅಪ್ಪ ಕೇಳುತ್ತಾನೆ ಅಂತ ಉತ್ತರ ಹೊಂದಿಸುತ್ತ ಮನೆಗೆ ಬಂದರೆ, "ನಾಳೆ ಎಣಿಕೆ ಆದ್ಮೇಲೆ ಹೇಳು, ಅವಸರ ಇಲ್ಲ" ಅಂತ ತಾನೇ ತೋಟಕ್ಕೆ ಹೋದ. ದೇವರು ದೊಡ್ಡವನು ಅಂದುಕೊಂಡೆ.

ಎಣಿಕೆ

ಸೋಮವಾರ ಬೆಳಿಗ್ಗೆ ಊರೆಲ್ಲ ಶಾಲೆಯ ಕಿಟಕಿಗೆ ಜೋತುಬಿದ್ದಿತ್ತು. ಮೇಷ್ಟ್ರು ಗೆದ್ದರು. ಕೊನೆಗೆ ಅಧಿಕಾರಿ ಕಾಗದಗಳನ್ನು ಎತ್ತಿ ಎಲ್ಲರಿಗೂ ತೋರಿಸಿದರು.

"ಅಸಿಂಧು ಮತ ಎರಡು. ಎರಡರಲ್ಲೂ ಮೂವರಿಗೂ ಮುದ್ರೆ. ನನ್ನ ಸರ್ವೀಸಿನಲ್ಲೇ ಇಂಥಾ ಧಾರಾಳಿಗಳನ್ನ ನೋಡಿಲ್ಲ ಕಣ್ರೀ!"

ಒಂದು ನನ್ನದು. ಇನ್ನೊಂದು? ಅಪ್ಪನ ಕಡೆ ತಿರುಗಿದೆ. ಅಪ್ಪ ಶಾಲೆಯ ಹೆಂಚು ಎಣಿಸುತ್ತಿದ್ದ.

"ಅಪ್ಪಾ..."

"ಸುಮ್ಕಿರ್ಲಾ. ತಮ್ಮ ಅನ್ನೋದು ಬಿಡಾಕಾಯ್ತದಾ? ಮೇಷ್ಟ್ರನ್ನ ಬಿಡಾಕಾಯ್ತದಾ? ಮಿಲ್ಲಿನೋರ ತಾಂಬೂಲನೂ ತಿಂದಿದ್ದೆ."

ಮನೆಗೆ ಬಂದು ಇಬ್ಬರೂ ಜಗುಲಿಯ ಮೇಲೆ ಕೂತೆವು. ಅವ್ವ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ನಿಂಗೂ ಮೂರು ಮನೆ ತಾಂಬೂಲ ಕೊಟ್ರಲ್ಲ ಅವ್ವಾ? ನೀನೇನ್ ಮಾಡ್ದೆ?"

"ತಿಂದ್ರೆ ತಾನೆ ಮಾತು? ಸೆರಗಲ್ಲಿ ಕಟ್ಕೊಂಡು ಹೋಗಿ ಸಂತೇಲಿ ಮಾರ್ಬಿಟ್ಟೆ."

"ಓಟು?"

"ಮೇಷ್ಟ್ರಿಗೆ. ಬಾಡದಿರೋ ಎಲೆ ತಂದಿದ್ದು ಅವರೊಬ್ರೇ."

ಅಪ್ಪ ಎದ್ದು ಗೂಡಿನಿಂದ ಫಾರಂ ತೆಗೆದ. "ಹೋಗ್ಲಾ, ಓದ್ಕೋ. ನಿಮ್ಮವ್ವನಿಗೆ ಹುಟ್ಟಿನಿಂದ ಬಂದೈತೆ. ನಮ್ಮ ವಂಶದೋರು ಫೀಜು ಕೊಟ್ಟೇ ಕಲೀಬೇಕು."

ಟಪಾಲು ಹೋಗಲು ಇನ್ನು ಅರ್ಧ ಗಂಟೆ. ಫಾರಂನ ಕೆಳಗೆ ಎರಡು ಗೆರೆ. ಒಂದು ತಂದೆಗೆ, ಇನ್ನೊಂದು ಪೋಷಕರಿಗೆ. "ಎರಡರಲ್ಲಿ ಒಂದು ಕಡೆ ಮಾತ್ರ ಸಹಿ ಮಾಡತಕ್ಕದ್ದು" ಅಂತ ಓದಿ ಹೇಳಿದೆ. ಅಪ್ಪ ಪೆನ್ನು ಹಿಡಿದು ಮೇಲಿನ ಗೆರೆ ನೋಡಿದ, ಕೆಳಗಿನ ಗೆರೆ ನೋಡಿದ, ಬೆವರು ಒರೆಸಿಕೊಂಡ, ಎರಡರಲ್ಲೂ ಸೈನು ಹಾಕಿದ.